ಹೈಡ್ರೋಜನ್ ಬಸ್ ಬರುವುದಾದರೆ, ಮೊದಲು ಹೈಡ್ರೋಜನ್ ಪರೀಕ್ಷೆ ಆಗಲಿ

ಮಂಗಳೂರಿನಲ್ಲಿ ಮಾಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ

ಹೈಡ್ರೋಜನ್ ಬಸ್ ಅಂದ ಕೂಡಲೇ ಎಲ್ಲರೂ ಮೊದಲು ಕೇಳುವುದು ಒಂದೇ ಪ್ರಶ್ನೆ. ಅದು ನಿಜವಾಗಿಯೂ ಓಡುತ್ತದಾ? ಓಡುತ್ತದೆ, ಅದರಲ್ಲಿ ಅನುಮಾನ ಬೇಡ. ಕೆನಡಾದ ವ್ಯಾಂಕೂವರ್‌ನಲ್ಲಿ ಬ್ಯಾಲಾರ್ಡ್ ಕಂಪನಿ ತನ್ನ ಮೊದಲ ಫ್ಯೂಯೆಲ್ ಸೆಲ್ ಬಸ್ಸನ್ನು, ಅಂದರೆ ಹೈಡ್ರೋಜನ್‌ನಿಂದ ಕರೆಂಟು ಮಾಡಿಕೊಂಡು ಓಡುವ ಬಸ್ಸನ್ನು, ಓಡಿಸಿ ತೋರಿಸಿದ್ದು 1993ರಲ್ಲಿ. ನಮ್ಮ ದೇಶದಲ್ಲೂ ಓಡುತ್ತಿದೆ. 2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಇಂಡಿಯನ್ ಆಯಿಲ್‌ಗಾಗಿ ಟಾಟಾ ಮೋಟಾರ್ಸ್ ಮಾಡಿಕೊಟ್ಟ ಎರಡು ಬಸ್ಸುಗಳು ರಸ್ತೆಗಿಳಿದವು. ಲೇಹ್‌ನಲ್ಲಿ ಹನ್ನೊಂದು ಸಾವಿರ ಅಡಿಗಿಂತ ಮೇಲೆ ಕೇಂದ್ರ ಸರ್ಕಾರದ ವಿದ್ಯುತ್ ಕಂಪನಿ ಎನ್‌ಟಿಪಿಸಿ ಐದು ಬಸ್ ತಂದು ನಿಲ್ಲಿಸಿದೆ. ಅಷ್ಟು ತೆಳು ಗಾಳಿಯಲ್ಲಿ, ಅಷ್ಟು ಚಳಿಯಲ್ಲಿ ಓಡುವ ಬಸ್ಸು ಸುರತ್ಕಲ್‌ನಲ್ಲಿ ಓಡಲ್ಲ ಅಂತ ಯಾರೂ ಹೇಳಲಾರರು.

ಹಾಗಾಗಿ ನಾಳೆ ನಮ್ಮ ಮಂಗಳೂರಿಗೆ ಎರಡೋ ಮೂರೋ ಹೈಡ್ರೋಜನ್ ಬಸ್ಸು ಪರೀಕ್ಷೆಗೆ ಬಂದರೆ, ಬಸ್ಸು ಓಡುತ್ತದಾ ಅಂತ ನೋಡುವುದಕ್ಕೆ ದುಡ್ಡು ಖರ್ಚು ಮಾಡುವುದು ಬೇಡ. ಅದಕ್ಕೆ ಉತ್ತರ ಸಿಕ್ಕಿ ಮೂವತ್ತು ವರ್ಷ ಆಯಿತು. ಪರೀಕ್ಷೆ ಆಗಬೇಕಾದ್ದು ಹೈಡ್ರೋಜನ್. ಅದು ಎಲ್ಲಿಂದ ಬರುತ್ತದೆ, ಹೇಗೆ ಬರುತ್ತದೆ, ಎಷ್ಟಕ್ಕೆ ಬರುತ್ತದೆ, ಬೆಳಗ್ಗೆ ಐದು ಗಂಟೆಗೆ ಪಂಪ್ ಹತ್ತಿರ ಬಸ್ ನಿಂತಾಗ ತಪ್ಪದೆ ಸಿಗುತ್ತದಾ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ.

ಮೊದಲು ಈ ಮೇಜಿನ ಮೇಲೆ ಇರುವುದನ್ನು ನೋಡಿ. ಹಿಂದೆ ಕೂತವರು ಆಮೇಲೆ ಹತ್ತಿರ ಬಂದು ನೋಡಬಹುದು. ಬೆಂಕಿಪೊಟ್ಟಣದಷ್ಟು ದಪ್ಪದ ಈ ಪ್ಲಾಸ್ಟಿಕ್ ಚೌಕವೇ ಒಂದು ಫ್ಯೂಯೆಲ್ ಸೆಲ್. ಕಾಲೇಜು ಲ್ಯಾಬ್‌ಗಳಲ್ಲಿ ಪಾಠಕ್ಕೆ ಬಳಸುವಂಥದ್ದು. ಒಂದು ಕಡೆಯ ಕೊಳವೆಯಲ್ಲಿ ಹೈಡ್ರೋಜನ್ ಹೋಗುತ್ತದೆ. ಇನ್ನೊಂದು ಕಡೆ ತೆರೆದಿದೆ, ಅಲ್ಲಿ ಈ ಕೋಣೆಯ ಗಾಳಿ. ನಡುವೆ ಒಂದು ತೆಳು ಹಾಳೆ. ಹಾಳೆಯ ಎರಡೂ ಮೈಗೆ ಪ್ಲಾಟಿನಂ ಪುಡಿ ಲೇಪಿಸಿದ್ದಾರೆ. ಪ್ಲಾಟಿನಂ ಮೇಲೆ ಹೈಡ್ರೋಜನ್ ಒಡೆದು ಪ್ರೋಟಾನ್ ಮತ್ತು ಎಲೆಕ್ಟ್ರಾನ್ ಬೇರೆ ಆಗುತ್ತವೆ. ಪ್ರೋಟಾನ್ ಹಾಳೆಯ ಒಳಗಿಂದ ದಾಟುತ್ತದೆ. ಎಲೆಕ್ಟ್ರಾನನ್ನು ಹಾಳೆ ಬಿಡುವುದಿಲ್ಲ. ಅದು ಈ ಕೆಂಪು ವೈರ್ ಹಿಡಿದು ಸುತ್ತಿಕೊಂಡು ಹೋಗಬೇಕು. ಹೋಗುವಾಗ ಈ ಪುಟ್ಟ ಫ್ಯಾನ್ ತಿರುಗಿಸುತ್ತದೆ. ಆ ಕಡೆ ತಲುಪಿದ ಮೇಲೆ ಮೂವರೂ, ಅಂದರೆ ಪ್ರೋಟಾನ್, ಎಲೆಕ್ಟ್ರಾನ್, ಗಾಳಿಯ ಆಮ್ಲಜನಕ ಸೇರಿ ನೀರಾಗುತ್ತವೆ. ಕೊಳವೆಯ ಬಾಯಲ್ಲಿ ಈಗ ಒಂದು ಹನಿ ಕಟ್ಟಿದೆ, ಕಾಣ್ತದಾ? ಬೆಂಕಿ ಇಲ್ಲ, ಸದ್ದಿಲ್ಲ, ಹೊಗೆ ಇಲ್ಲ.

ಕೆಲಸಕ್ಕೆ ಹಚ್ಚಿದಾಗ ಇಂಥ ಒಂದು ಸೆಲ್ ಕೊಡುವುದು ಸುಮಾರು 0.6, 0.7 ವೋಲ್ಟ್ ಮಾತ್ರ. ಬಸ್ಸಿಗೆ ಇಂಥವನ್ನು ನೂರಾರು ಸಂಖ್ಯೆಯಲ್ಲಿ ಒಂದರ ಪಕ್ಕ ಒಂದು ಜೋಡಿಸುತ್ತಾರೆ. ದೆಹಲಿಯ ಬಸ್ಸಿನಲ್ಲಿರುವುದು 70 ಕಿಲೋವ್ಯಾಟ್ ಸೆಲ್. ಜೊತೆಗೆ ಒಂದು ಬ್ಯಾಟರಿಯೂ ಇರುತ್ತದೆ. ಚಕ್ರ ತಿರುಗಿಸುವುದು ವಿದ್ಯುತ್ ಮೋಟಾರ್. ಅಂದರೆ ಹೈಡ್ರೋಜನ್ ಬಸ್ಸು ಕೂಡ ಎಲೆಕ್ಟ್ರಿಕ್ ಬಸ್ಸೇ. ಕರೆಂಟನ್ನು ಪ್ಲಗ್ಗಿನಿಂದ ತುಂಬಿಸಿಕೊಳ್ಳುವ ಬದಲು ಹೋಗ್ತಾ ಹೋಗ್ತಾ ತಾನೇ ಮಾಡಿಕೊಳ್ಳುತ್ತದೆ. ಈ ತತ್ವ ಹೊಸದೇನಲ್ಲ. ವಿಲಿಯಂ ಗ್ರೋವ್ ಇದನ್ನು ಮಾಡಿ ತೋರಿಸಿದ್ದು 1839ರ ಸುಮಾರಿಗೆ. 1965ರಲ್ಲಿ ಜೆಮಿನಿ 5 ನೌಕೆಯಲ್ಲಿ ಬಾಹ್ಯಾಕಾಶಕ್ಕೂ ಹೋಯಿತು.

ಇಷ್ಟು ಚಂದದ ಯಂತ್ರ ಇರುವಾಗ ಊರೆಲ್ಲ ಹೈಡ್ರೋಜನ್ ಬಸ್ ಯಾಕಿಲ್ಲ? ಲೆಕ್ಕ ಹಾಕಿ ನೋಡೋಣ. ಪೆನ್ನು ಇದ್ದವರು ಬರೆದುಕೊಳ್ಳಿ.

ನೀರನ್ನು ಕರೆಂಟಿನಿಂದ ಒಡೆದು ಒಂದು ಕಿಲೋ ಹೈಡ್ರೋಜನ್ ಮಾಡುವುದಕ್ಕೆ ಸುಮಾರು 55 ಯೂನಿಟ್ ಬೇಕು. ಹನ್ನೆರಡು ಮೀಟರ್ ಉದ್ದದ ಬಸ್ಸು ಆ ಒಂದು ಕಿಲೋದಲ್ಲಿ ಸುಮಾರು 12 ಕಿಲೋಮೀಟರ್ ಓಡುತ್ತದೆ. ಅದೇ ಅಳತೆಯ ಬ್ಯಾಟರಿ ಬಸ್ಸಿಗೆ ಕಿಲೋಮೀಟರಿಗೆ 1.2 ಯೂನಿಟ್ ಅಂತ ಹಿಡಿದರೆ, 12 ಕಿಲೋಮೀಟರಿಗೆ 15 ಯೂನಿಟ್ ಕೂಡ ಆಗುವುದಿಲ್ಲ. ಒಂದೇ ದೂರ, ಒಂದೇ ಕರೆಂಟು, ಆದರೆ ಹೈಡ್ರೋಜನ್ ದಾರಿಯಲ್ಲಿ ಹೋದರೆ ಮೂರೂವರೆ ಪಟ್ಟಿಗಿಂತ ಜಾಸ್ತಿ ಖರ್ಚು. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಟುಕೊಳ್ಳಿ. ಹೈಡ್ರೋಜನ್ ಬಸ್ಸಿಗೆ ಕರೆಂಟಿನ ಲೆಕ್ಕ ಮಾತ್ರ ಕಿಲೋಮೀಟರಿಗೆ 32 ರೂಪಾಯಿ. ಬ್ಯಾಟರಿ ಬಸ್ಸಿಗೆ ಎಂಟೂವರೆ. ಲೀಟರಿಗೆ 90 ರೂಪಾಯಿ ಕೊಟ್ಟು ನಾಲ್ಕೂವರೆ ಕಿಲೋಮೀಟರ್ ಓಡುವ ಡೀಸೆಲ್ ಬಸ್ಸಿಗೆ 20. ಹೈಡ್ರೋಜನ್‌ಗೆ ಯಂತ್ರದ ಬೆಲೆ, ಅದನ್ನು ಒತ್ತಿ ತುಂಬುವ ಖರ್ಚು, ಜಾಗದ ಬಾಡಿಗೆ ಯಾವುದನ್ನೂ ನಾನಿನ್ನೂ ಸೇರಿಸಿಲ್ಲ.

ಫ್ರಾನ್ಸಿನ ಮಾಂಪೆಲಿಯೆ ನಗರ ಈ ಲೆಕ್ಕ ಹಾಕಿಯೇ ಹಿಂದೆ ಸರಿಯಿತು. 51 ಹೈಡ್ರೋಜನ್ ಬಸ್ ಕೊಳ್ಳುವ ಯೋಜನೆ ಹಾಕಿದ್ದರು. 2022ರ ಜನವರಿಯಲ್ಲಿ ಅದನ್ನು ರದ್ದು ಮಾಡಿದರು. ಓಡಿಸುವ ಖರ್ಚು ಕಿಲೋಮೀಟರಿಗೆ ಹೈಡ್ರೋಜನ್‌ನಲ್ಲಿ 95 ಸೆಂಟ್, ಬ್ಯಾಟರಿಯಲ್ಲಿ 15 ಸೆಂಟ್ ಅಂತ ನಗರದವರೇ ಹೇಳಿದರು. ಬಸ್ಸಿನ ತಂತ್ರಜ್ಞಾನದಲ್ಲಿ ದೋಷ ಇದೆ ಅಂತ ಅವರು ಹೇಳಲಿಲ್ಲ.

ಕೆನಡಾದ ವಿಸ್ಲರ್‌ನ ಕಥೆ ಇದಕ್ಕಿಂತ ನೇರ. 2010ರ ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಅಲ್ಲಿ 20 ಹೈಡ್ರೋಜನ್ ಬಸ್ ಬಂದವು. ಆಗ ಒಂದೇ ಊರಿನಲ್ಲಿ ಅಷ್ಟು ಬಸ್ ಇದ್ದದ್ದು ದೊಡ್ಡ ಸುದ್ದಿ. ಆದರೆ ಹೈಡ್ರೋಜನ್ ಬರುತ್ತಿದ್ದದ್ದು ದೇಶದ ಇನ್ನೊಂದು ಕಡೆಯ ಕ್ವಿಬೆಕ್‌ನಿಂದ. ಸಾವಿರಾರು ಕಿಲೋಮೀಟರ್, ಡೀಸೆಲ್ ಲಾರಿಯ ಮೇಲೆ. 2014ರಲ್ಲಿ ಬಸ್ಸುಗಳನ್ನು ನಿಲ್ಲಿಸಿ ಮತ್ತೆ ಡೀಸೆಲ್ ಬಸ್ ತಂದರು. ಹೊಗೆ ಬಿಡದ ಬಸ್ಸಿಗೆ ಹೊಗೆ ಬಿಡುವ ಲಾರಿ ಇಂಧನ ಹೊತ್ತು ತರುತ್ತಿತ್ತು ಅಂದರೆ, ಪರೀಕ್ಷೆಯಲ್ಲಿ ಸೋತದ್ದು ಯಾವುದು ಅಂತ ನೀವೇ ಹೇಳಿ.

ಯುರೋಪಿನಲ್ಲಿ 2003ರಿಂದ ಒಂಬತ್ತು ನಗರಗಳಲ್ಲಿ ತಲಾ ಮೂರರಂತೆ 27 ಬಸ್ ಓಡಿಸಿದರು. ಆಮ್‌ಸ್ಟರ್‌ಡ್ಯಾಮ್, ಬಾರ್ಸಿಲೋನಾ, ಹ್ಯಾಂಬರ್ಗ್, ಲಂಡನ್, ಮ್ಯಾಡ್ರಿಡ್ ಎಲ್ಲ ಅದರಲ್ಲಿದ್ದವು. ಬಸ್ಸುಗಳು ಎಲ್ಲರ ನಿರೀಕ್ಷೆಗಿಂತ ಚೆನ್ನಾಗಿ ನಡೆದವು. ಜಾಸ್ತಿ ಕಾಡಿದ್ದು ತುಂಬುವ ಕೇಂದ್ರಗಳು, ಅದರಲ್ಲೂ ಗ್ಯಾಸನ್ನು ಒತ್ತುವ ಯಂತ್ರ, ಕಂಪ್ರೆಸರ್. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಓಕ್‌ಲ್ಯಾಂಡ್ ಕಡೆಯ ಬಸ್ ಸಂಸ್ಥೆಯ ಕೆಲವು ಫ್ಯೂಯೆಲ್ ಸೆಲ್‌ಗಳು 25,000 ಗಂಟೆಗೂ ಮೀರಿ ಕೆಲಸ ಮಾಡಿದವು. ಬಸ್ಸು ಅಷ್ಟು ಬಾಳುವುದು ದೊಡ್ಡ ಮಾತು. ಅದು ನಮಗೆ ಗೊತ್ತಾದದ್ದಾದರೂ ಹೇಗೆ? ಅಲ್ಲಿ ಒಂದು ಸರ್ಕಾರಿ ಪ್ರಯೋಗಾಲಯ ವರ್ಷಗಟ್ಟಲೆ ಕೂತು ಪ್ರತಿ ಬಸ್ಸಿನ ಲೆಕ್ಕ ಬರೆಯಿತು. ಎಷ್ಟು ದಿನ ರಸ್ತೆಗೆ ಬಂತು, ಎಷ್ಟು ದಿನ ಶೆಡ್‌ನಲ್ಲಿ ನಿಂತಿತು, ನಿಂತದ್ದು ಸೆಲ್ ಕೆಟ್ಟು ಹೋಗಿಯೋ, ಬ್ಯಾಟರಿಯಿಂದಲೋ, ಸುಮ್ನೆ ಬಾಗಿಲು ಹಾಳಾಗಿಯೋ. ಎಲ್ಲವನ್ನೂ ಎಲ್ಲರೂ ಓದುವ ಹಾಗೆ ಪ್ರಕಟಿಸಿತು. ಬಸ್ ತಯಾರಿಸಿದವರು ಬರೆದ ಲೆಕ್ಕ ಅಲ್ಲ ಅದು. ನನಗೆ ಈ ಎಲ್ಲ ಪರೀಕ್ಷೆಗಳಲ್ಲಿ ಬಹಳ ಇಷ್ಟವಾದ ಕೆಲಸ ಇದೇ.

ಈಗ ನಮ್ಮೂರಿಗೆ ಬರೋಣ.

ಮಂಗಳೂರಿಗೆ ಹೈಡ್ರೋಜನ್ ಹೊಸದು ಅಂತ ತುಂಬ ಜನ ತಿಳಿದಿದ್ದಾರೆ. ನಿಜ ಏನೆಂದರೆ, ಕರ್ನಾಟಕದಲ್ಲಿ ಹೈಡ್ರೋಜನ್ ಜೊತೆ ದಿನವೂ ಕೆಲಸ ಮಾಡುವ ಜನ ಜಾಸ್ತಿ ಇರುವುದು ಪಣಂಬೂರಿನಿಂದ ಕುತ್ತೆತ್ತೂರಿನ ನಡುವೆ. ರಸಗೊಬ್ಬರ ಕಾರ್ಖಾನೆ ಎಂಸಿಎಫ್ ಯೂರಿಯಾ ಮಾಡಬೇಕಾದರೆ ಮೊದಲು ಅಮೋನಿಯಾ ಬೇಕು, ಅಮೋನಿಯಾಕ್ಕೆ ಹೈಡ್ರೋಜನ್ ಬೇಕು. 1970ರ ದಶಕದಿಂದ ಅಲ್ಲಿ ಆ ಕೆಲಸ ನಡೆಯುತ್ತಿದೆ. ತೈಲ ಶುದ್ಧೀಕರಣ ಕಾರ್ಖಾನೆ ಎಂಆರ್‌ಪಿಎಲ್‌ನಲ್ಲಿ ಡೀಸೆಲ್‌ನಿಂದ ಗಂಧಕ ತೆಗೆಯುವುದೇ ಹೈಡ್ರೋಜನ್‌ನಿಂದ. 2020ರ ಏಪ್ರಿಲ್‌ನಲ್ಲಿ ವಾಹನದ ಹೊಗೆಯ ಹೊಸ ನಿಯಮ ಬಿಎಸ್ 6 ಬಂದಾಗ ಡೀಸೆಲ್‌ನಲ್ಲಿ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಭಾಗದಿಂದ 10 ಭಾಗಕ್ಕೆ ಇಳಿಯಿತು, ನೆನಪಿದೆಯಲ್ವಾ? ನೀವು ಇವತ್ತು ಇಲ್ಲಿಗೆ ಬಂದ ಬಸ್ಸಿನ ಡೀಸೆಲ್ ಆ ಹೈಡ್ರೋಜನ್ ದಾಟಿಯೇ ಬಂದಿದೆ.

ಹಾಗಾದರೆ ಅಲ್ಲಿಂದಲೇ ಒಂದು ಪೈಪ್ ಎಳೆದು ಬಸ್ಸಿಗೆ ತುಂಬಿದರೆ ಆಯಿತಲ್ಲ ಅಂತ ಕೇಳಬಹುದು. ಕಲಿಯುವುದಕ್ಕೆ, ಶುರುವಿಗೆ, ಆಗಬಹುದು. ದೂರ ಕಡಿಮೆ, ಅನುಭವ ಇರುವ ಜನ ಇದ್ದಾರೆ. ಆದರೆ ಎರಡು ವಿಷಯ ಇದೆ.

ಒಂದು, ಶುದ್ಧತೆ. ಫ್ಯೂಯೆಲ್ ಸೆಲ್‌ಗೆ 99.97 ಶೇಕಡ ಶುದ್ಧ ಹೈಡ್ರೋಜನ್ ಬೇಕು. ಅದಕ್ಕಿಂತಲೂ ಮುಖ್ಯ, ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಹತ್ತು ಲಕ್ಷಕ್ಕೆ 0.2 ಭಾಗ ಕೂಡ ಮೀರಬಾರದು. ಮೀರಿದರೆ ಅದು ಹೋಗಿ ಪ್ಲಾಟಿನಂ ಮೇಲೆ ಕೂತುಬಿಡುತ್ತದೆ. ಹೈಡ್ರೋಜನ್‌ಗೆ ಜಾಗ ಸಿಗುವುದಿಲ್ಲ. ಕಾರ್ಖಾನೆಯಲ್ಲಿ ಬೇರೆ ಕೆಲಸಕ್ಕೆ ಸಾಕಾಗುವ ಹೈಡ್ರೋಜನ್ ಬಸ್ಸಿಗೆ ಸಾಲದೇ ಹೋಗಬಹುದು. ಇನ್ನೊಮ್ಮೆ ಶುದ್ಧ ಮಾಡಬೇಕು, ಪ್ರತಿ ಸಲ ಪರೀಕ್ಷೆ ಮಾಡಬೇಕು.

ಎರಡು, ಹೊಗೆಯ ಲೆಕ್ಕ. ನೈಸರ್ಗಿಕ ಅನಿಲದಿಂದ ಒಂದು ಕಿಲೋ ಹೈಡ್ರೋಜನ್ ಮಾಡಿದರೆ ಒಂಬತ್ತು ಹತ್ತು ಕಿಲೋ ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ಹೋಗುತ್ತದೆ. 12 ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ಮುಕ್ಕಾಲು ಕಿಲೋ, ಇಲ್ಲವೇ ಸ್ವಲ್ಪ ಜಾಸ್ತಿ. ಡೀಸೆಲ್ ಬಸ್ಸು ಬಿಡುವುದು ಸುಮಾರು 0.6 ಕಿಲೋ. ಅಂದರೆ ಕಾರ್ಖಾನೆಯ ಹೈಡ್ರೋಜನ್ ತುಂಬಿದ ಬಸ್ಸು ಡೀಸೆಲ್ ಬಸ್ಸಿಗಿಂತ ಜಾಸ್ತಿ ಹೊಗೆ ಬಿಡಿಸುತ್ತದೆ. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಿಡುವ ಬದಲು ಪಣಂಬೂರಿನಲ್ಲಿ ಬಿಡಿಸುತ್ತದೆ, ಅಷ್ಟೇ. ಗ್ರಿಡ್ ಕರೆಂಟಿನಿಂದ ನೀರು ಒಡೆದರೆ ಇನ್ನೂ ಕಷ್ಟ. ದೇಶದ ಸರಾಸರಿ ಹಿಡಿದರೆ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್. ಗುಣಿಸಿ ನೋಡಿ. ಕಿಲೋಮೀಟರಿಗೆ ಮೂರು ಕಿಲೋ ದಾಟುತ್ತದೆ. ಎಲ್ಲೂರಿನಲ್ಲಿ 1200 ಮೆಗಾವ್ಯಾಟ್ ಕಲ್ಲಿದ್ದಲು ಸ್ಥಾವರದ ಪಕ್ಕದಲ್ಲಿ ಬದುಕುವ ಜನಕ್ಕೆ ಈ ಲೆಕ್ಕ ನಾನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಟರಿ ಬಸ್ಸಿಗೂ ಇದೇ ಪ್ರಶ್ನೆ ಕೇಳಬೇಕು. ಇವತ್ತಿನ ಸರಾಸರಿ ಗ್ರಿಡ್ ಕರೆಂಟಿನಲ್ಲಿ ಅದೂ ಕಿಲೋಮೀಟರಿಗೆ 0.8 ಕಿಲೋ ದಾಟಿ ಡೀಸೆಲ್‌ಗಿಂತ ಮೇಲೆಯೇ ನಿಲ್ಲುತ್ತದೆ, ಏಸಿ ಇದ್ದರೆ ಇನ್ನೂ ಸ್ವಲ್ಪ ಮೇಲೆ. ಗ್ರಿಡ್‌ನಲ್ಲಿ ಗಾಳಿ, ಬಿಸಿಲು ಜಾಸ್ತಿಯಾದ ಹಾಗೆ ಇಳಿಯುತ್ತಾ ಹೋಗುತ್ತದೆ.

ಹಾಗಾಗಿ ಬಿಸಿಲು, ಗಾಳಿಯ ಕರೆಂಟಿನಿಂದ ಮಾಡಿದ ಹೈಡ್ರೋಜನ್ ಇದ್ದರೆ ಮಾತ್ರ ಈ ಬಸ್ಸಿಗೆ ಅರ್ಥ. ಲೇಹ್‌ನಲ್ಲಿ ಐದು ಬಸ್ಸಿನ ಯೋಜನೆಗೆ 1.7 ಮೆಗಾವ್ಯಾಟ್ ಸೋಲಾರ್ ಹಾಕಿದ್ದಾರೆ. ಅಲ್ಲಿನ ಬಿಸಿಲೇ ಬೇರೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮೋಡ. ಮಂಗಳೂರು ಉಡುಪಿ ನಡುವೆ ಒಂದು ಎಕ್ಸ್‌ಪ್ರೆಸ್ ದಿನಕ್ಕೆ ಮೂರು ಸಲ ಹೋಗಿ ಬಂದರೆ 350 ಕಿಲೋಮೀಟರ್ ಹತ್ತಿರ. ಅದಕ್ಕೆ ದಿನಕ್ಕೆ 30 ಕಿಲೋ ಹೈಡ್ರೋಜನ್ ಬೇಕು. 30 ಕಿಲೋಗೆ 1,650 ಯೂನಿಟ್. ಬೇಸಿಗೆಯಲ್ಲಿ ಒಂದು ಕಿಲೋವ್ಯಾಟ್ ಸೋಲಾರ್ ದಿನಕ್ಕೆ ನಾಲ್ಕು ಯೂನಿಟ್ ಕೊಟ್ಟರೆ, ಒಂದೇ ಬಸ್ಸಿಗೆ 400 ಕಿಲೋವ್ಯಾಟ್ ಸೋಲಾರ್ ಬೇಕಾಯಿತು. ಮಳೆಗಾಲದಲ್ಲಿ ಅದೂ ಸಾಲದು. ಆಗ ಕರೆಂಟು ಬಯಲುಸೀಮೆಯ ಗಾಳಿಯಂತ್ರಗಳಿಂದ ಬರಬೇಕು. ಅದಕ್ಕೊಂದು ಒಪ್ಪಂದ ಮೊದಲೇ ಆಗಿರಬೇಕು.

ಹಿಂದಿನ ಸಾಲಿನಿಂದ ಒಬ್ಬರು ನೀರಿನ ಬಗ್ಗೆ ಕೇಳುತ್ತಿದ್ದಾರೆ. ಒಳ್ಳೆಯ ಪ್ರಶ್ನೆ. ತುಂಬೆ ಅಣೆಕಟ್ಟೆಯಲ್ಲಿ ಮೇ ತಿಂಗಳಲ್ಲಿ ನೀರಿನ ಮಟ್ಟ ನೋಡಿ ದಿನ ಎಣಿಸುವವರು ನಾವು, ಬಜೆಯಲ್ಲಿ ಉಡುಪಿಯವರದ್ದೂ ಅದೇ ಕಥೆ. ಲೆಕ್ಕದ ಪ್ರಕಾರ ಒಂದು ಕಿಲೋ ಹೈಡ್ರೋಜನ್‌ಗೆ ಒಂಬತ್ತು ಲೀಟರ್ ನೀರು. ಶುದ್ಧ ಮಾಡುವಾಗ ಹೋಗುವುದು, ತಂಪು ಮಾಡುವುದಕ್ಕೆ ಬೇಕಾಗುವುದು ಸೇರಿಸಿ 20, 30 ಲೀಟರ್ ಅಂತ ಇಟ್ಟುಕೊಂಡರೂ ಒಂದು ಬಸ್ಸಿಗೆ ದಿನಕ್ಕೆ ಒಂದು ಸಾವಿರ ಲೀಟರ್ ಮೀರುವುದಿಲ್ಲ. ಪರೀಕ್ಷೆಯ ಮಟ್ಟಿಗೆ ನೀರಿನ ಬಗ್ಗೆ ಹೆದರಬೇಕಾಗಿಲ್ಲ. ಮುಂದೆ ರಫ್ತಿಗೆ ಅಂತ ದೊಡ್ಡ ಕಾರ್ಖಾನೆ ಬಂದರೆ ಆ ಪ್ರಶ್ನೆಯನ್ನು ಮತ್ತೆ ಗಟ್ಟಿಯಾಗಿ ಕೇಳಿ.

ನಮ್ಮ ಬಸ್ಸಿನ ವ್ಯವಸ್ಥೆಯ ಬಗ್ಗೆ ಸ್ವಲ್ಪ ಹೇಳಬೇಕು. ಇದು ಬೆಂಗಳೂರಲ್ಲ. ಅಲ್ಲಿ ಒಂದು ಬಿಎಂಟಿಸಿ, ಅದಕ್ಕೆ ಸಾವಿರಾರು ಬಸ್ಸು. ಎರಡು ಬಸ್ ಪರೀಕ್ಷೆಗೆ ನಿಂತರೆ ಯಾರಿಗೂ ಗೊತ್ತಾಗುವುದಿಲ್ಲ. ನಮ್ಮ ಎರಡು ಜಿಲ್ಲೆಯಲ್ಲಿ ಜನರನ್ನು ಹೊತ್ತದ್ದು ಖಾಸಗಿ ಬಸ್ಸು. ಮಂಗಳೂರಿನ ಸಿಪಿಸಿ, ಅಂದರೆ ಕೆನರಾ ಪಬ್ಲಿಕ್ ಕನ್ವೇಯನ್ಸ್, ಶುರುವಾದದ್ದು 1914ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲ್ ಸಿಗದೇ ಹೋದಾಗ ದೇಶದ ತುಂಬ ಬಸ್ಸುಗಳ ಹಿಂದೆ ಡ್ರಮ್ಮು ಕಟ್ಟಿ, ಇದ್ದಿಲು ಸುಟ್ಟು, ಆ ಗ್ಯಾಸಿನಲ್ಲೇ ಓಡಿಸಿದರು. ಹಳಬರು ಆ ಕಥೆ ಹೇಳುವುದನ್ನು ನೀವೂ ಕೇಳಿರಬಹುದು. ಇದ್ದಿಲಿನ ಗ್ಯಾಸಿನಲ್ಲಿ ಉರಿಯುತ್ತಿದ್ದದ್ದು ಕಾರ್ಬನ್ ಮಾನಾಕ್ಸೈಡ್, ಅದರ ಜೊತೆ ಸ್ವಲ್ಪ ಹೈಡ್ರೋಜನ್. ಬಸ್ಸಿನವರು ಹೊಸ ಇಂಧನಕ್ಕೆ ಹೆದರುವವರು ಅಂತ ನಾನು ಒಪ್ಪುವುದಿಲ್ಲ.

ಆದರೆ ಅವರ ಕಷ್ಟ ಬೇರೆ. ಸ್ಟೇಟ್‌ಬ್ಯಾಂಕ್‌ನಲ್ಲಿ ನಿಂತು ನೋಡಿ. ಒಂದು ಬಸ್ಸು ಹೊರಡುವ ಸಮಯ ಪರ್ಮಿಟ್‌ನಲ್ಲಿ ಬರೆದಿದೆ. ಹಿಂದಿನ ಬಸ್ಸಿಗೂ ಅದಕ್ಕೂ ನಡುವೆ ಕೆಲವೇ ನಿಮಿಷ. ಟೈಮ್ ಕೀಪರ್ ಗಡಿಯಾರ ನೋಡುತ್ತಾನೆ, ಕಂಡಕ್ಟರ್ ‘ಪೋಯಿ ಪೋಯಿ’ ಅನ್ನುತ್ತಾನೆ. ಐದು ನಿಮಿಷ ತಡವಾದರೆ ಪಡುಬಿದ್ರಿಯಲ್ಲಿ, ಕಾಪುವಿನಲ್ಲಿ ನಿಂತ ಜನ ಹಿಂದೆಯೇ ಬಂದ ಬಸ್ಸಿಗೆ ಹತ್ತಿರುತ್ತಾರೆ. ಆ ಟ್ರಿಪ್ಪಿನ ಕಲೆಕ್ಷನ್ ಹೋಯಿತು. ಹೈಡ್ರೋಜನ್ ತುಂಬಲು ಹತ್ತು ಹದಿನೈದು ನಿಮಿಷ ಸಾಕು ಅಂತ ಹೇಳುತ್ತಾರೆ. ಸರಿಯೇ. ಆದರೆ ಅದು ಮೊದಲನೇ ಬಸ್ಸಿಗೆ. 350 ಬಾರ್ ಒತ್ತಡದಲ್ಲಿ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 350 ಪಟ್ಟಿನಲ್ಲಿ, ತುಂಬಬೇಕು. ಒಂದು ಬಸ್ಸಿಗೆ ತುಂಬಿದ ಮೇಲೆ ಪಂಪಿನ ಸಂಗ್ರಹದಲ್ಲಿ ಒತ್ತಡ ಇಳಿದಿರುತ್ತದೆ. ಕಂಪ್ರೆಸರ್ ಮತ್ತೆ ಏರಿಸುವ ತನಕ ಎರಡನೇ ಬಸ್ಸು ಕಾಯಬೇಕು. ಸಣ್ಣ ಪಂಪ್ ಆದರೆ ಮೂರನೇ ಬಸ್ಸಿನ ಡ್ರೈವರ್ ಚಹಾ ಕುಡಿದು ಬಂದರೂ ಆಗಿರುವುದಿಲ್ಲ. ಪರೀಕ್ಷೆಯಲ್ಲಿ ಅಳೆಯಬೇಕಾದ್ದು ಇದು. ಬೆಳಗ್ಗೆ ಸಾಲಾಗಿ ಬಂದ ಕೊನೆಯ ಬಸ್ಸಿಗೆ ತುಂಬಲು ಎಷ್ಟು ಹೊತ್ತು ಆಯಿತು?

ನಾಲ್ಕೈದು ಬಸ್ ಇಟ್ಟುಕೊಂಡು ಬ್ಯಾಂಕ್ ಸಾಲ ಕಟ್ಟುವ ಮಾಲಕರಿಗೆ ‘ನಿಮ್ಮ ಒಂದು ಬಸ್ಸಿನ ಬದಲು ಇದನ್ನು ಓಡಿಸಿ ನೋಡಿ’ ಅಂದರೆ, ನಿಂತ ದಿನದ ನಷ್ಟ ಯಾರದ್ದು? ಅದನ್ನು ಸರ್ಕಾರ ಕೊಡುತ್ತದೆ ಅಂತ ಬರೆದುಕೊಟ್ಟರೆ ಮಾತ್ರ ಅವರು ಬರುತ್ತಾರೆ. ಅವರು ಹೊರಗುಳಿದರೆ ಪರೀಕ್ಷೆ ಒಂದೆರಡು ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಮುಗಿಯುತ್ತದೆ. ಆ ಫಲಿತಾಂಶ ಈ ಊರಿನ ಬಸ್ಸಿಗೆ ಉಪಯೋಗಕ್ಕೆ ಬರುವುದಿಲ್ಲ.

ಯಾವ ಮಾರ್ಗದಲ್ಲಿ ಪರೀಕ್ಷೆ? ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಸಿಟಿ ಬಸ್ಸಿಗೆ ಹೈಡ್ರೋಜನ್ ಬೇಡ. ಸ್ಟೇಟ್‌ಬ್ಯಾಂಕ್‌ನಿಂದ ಕಂಕನಾಡಿಗೋ ಕೊಟ್ಟಾರಕ್ಕೋ ಹೋಗಿ ಬರುವ ಬಸ್ಸಿಗೆ ಬ್ಯಾಟರಿ ಧಾರಾಳ ಸಾಕು. ಉಡುಪಿ ಮಣಿಪಾಲದ ನರ್ಮ್ ಅನ್ನುವ ಸರ್ಕಾರಿ ಸಿಟಿ ಬಸ್ಸಿಗೂ ಹಾಗೇ. ಮಂಗಳೂರು ಉಡುಪಿ ಎಕ್ಸ್‌ಪ್ರೆಸ್‌ಗೂ ಮಧ್ಯಾಹ್ನ ಒಮ್ಮೆ ಚಾರ್ಜ್ ಮಾಡಿದರೆ ನಡೆಯುತ್ತದೆ. ಹೈಡ್ರೋಜನ್‌ಗೆ ಒಂದು ಅವಕಾಶ ಇದ್ದರೆ ಅದು ಘಾಟಿ ಹತ್ತಿ ಬೆಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ. ದೂರ 350 ಕಿಲೋಮೀಟರ್, ನಡುವೆ ಶಿರಾಡಿ, ಬೆಳಗ್ಗೆ ತಲುಪಿದ ಬಸ್ಸು ರಾತ್ರಿ ಮತ್ತೆ ಹೊರಡಬೇಕು. ಇಲ್ಲಿ ಬ್ಯಾಟರಿಯ ತೂಕ, ಚಾರ್ಜ್ ಮಾಡುವ ಹೊತ್ತು ಎರಡೂ ಕಾಡುತ್ತವೆ.

ಶಿರಾಡಿಯನ್ನೇ ತೆಗೆದುಕೊಳ್ಳಿ. ಕರಾವಳಿಯಿಂದ ಸಕಲೇಶಪುರಕ್ಕೆ ಸುಮಾರು 900 ಮೀಟರ್ ಏರಬೇಕು. 15 ಟನ್ ಬಸ್ಸನ್ನು ಅಷ್ಟು ಎತ್ತರಕ್ಕೆ ಎತ್ತುವುದಕ್ಕೇ 37 ಯೂನಿಟ್ ಶಕ್ತಿ ಬೇಕು. ಇದು ಶಾಲೆಯಲ್ಲಿ ಕಲಿತ ಲೆಕ್ಕವೇ, ತೂಕ ಗುಣಿಸು ಎತ್ತರ. ಘಾಟಿಯ ಏರಿನಲ್ಲಿ ಮುಕ್ಕಾಲು ಗಂಟೆಯೊಳಗೆ ಇದರ ದೊಡ್ಡ ಪಾಲು ಕೊಡಬೇಕು. ಅಂದರೆ ಬರೀ ಎತ್ತುವುದಕ್ಕೆ 40, 50 ಕಿಲೋವ್ಯಾಟ್. ಚಕ್ರ ಉರುಳಬೇಕು, ಏಸಿ ನಡೆಯಬೇಕು, ಮೋಟಾರಿನಲ್ಲಿ ಸ್ವಲ್ಪ ಹೋಗುತ್ತದೆ. 70 ಕಿಲೋವ್ಯಾಟ್ ಸೆಲ್ ಏರು ಮುಗಿಯುವ ತನಕ ಪೂರ್ತಿ ಬಿಸಿಯಲ್ಲಿ ದುಡಿಯಬೇಕು. ತಿರುವಿನಲ್ಲಿ ಲಾರಿ ಹಿಂದೆ ಹಾಕುವಾಗ ಬ್ಯಾಟರಿ ಕೈ ಹಿಡಿಯಬೇಕು. ಅಷ್ಟರಲ್ಲಿ ಬ್ಯಾಟರಿ ಖಾಲಿ ಆಗಿದ್ದರೆ?

ಇನ್ನೊಂದು ಕಷ್ಟ ಸೆಲ್‌ನ ಬಿಸಿ. ಹೈಡ್ರೋಜನ್‌ನ ಶಕ್ತಿಯಲ್ಲಿ ಅರ್ಧದಷ್ಟು ಬಿಸಿಯಾಗಿ ಹೋಗುತ್ತದೆ. ಡೀಸೆಲ್ ಎಂಜಿನ್ ತನ್ನ ಬಿಸಿಯಲ್ಲಿ ತುಂಬ ಭಾಗವನ್ನು ಹೊಗೆಕೊಳವೆಯಲ್ಲಿ ಆಚೆ ಕಳಿಸುತ್ತದೆ. ಸೆಲ್‌ಗೆ ಆ ದಾರಿ ಇಲ್ಲ, ಬಹುಪಾಲು ರೇಡಿಯೇಟರ್‌ನಿಂದಲೇ ಹೋಗಬೇಕು. ಸೆಲ್ ಇರುವುದು 60ರಿಂದ 80 ಡಿಗ್ರಿ, ಹೊರಗೆ ಏಪ್ರಿಲ್‌ನ ಗಾಳಿ 35. ನಡುವಿನ ಅಂತರ ಕಡಿಮೆ, ಹಾಗಾಗಿ ರೇಡಿಯೇಟರ್ ದೊಡ್ಡದು ಬೇಕು. ಘಾಟಿಯಲ್ಲಿ ಬಸ್ಸಿನ ವೇಗ ಕಡಿಮೆ, ಗಾಳಿಯೂ ಕಡಿಮೆ. ಇಳಿಯುವಾಗ ಬೇರೆ ಸಮಸ್ಯೆ. ಮೋಟಾರ್ ಬ್ರೇಕಿನಂತೆ ಕೆಲಸ ಮಾಡಿ ಬ್ಯಾಟರಿ ತುಂಬುತ್ತದೆ. ಗುಂಡ್ಯ ತಲುಪುವ ಮೊದಲೇ ಬ್ಯಾಟರಿ ತುಂಬಿಹೋದರೆ ಆ ಬ್ರೇಕ್ ಸಿಗುವುದಿಲ್ಲ. ಮೇಲಿಂದ ಹೊರಡುವಾಗ ಬ್ಯಾಟರಿಯಲ್ಲಿ ಜಾಗ ಬಿಟ್ಟುಕೊಂಡೇ ಹೊರಡಬೇಕು. ಇದನ್ನೆಲ್ಲ ದೆಹಲಿಯ ಸಪಾಟು ರಸ್ತೆ ಹೇಳಿಕೊಡುವುದಿಲ್ಲ. ನಮ್ಮ ಘಾಟಿ ಹೇಳಿಕೊಡುತ್ತದೆ.

ಉಪ್ಪು ಗಾಳಿಯೂ ಹಾಗೇ. ಬಸ್ಸಿನ ಅಡಿಭಾಗಕ್ಕೆ ಪ್ರತಿ ವರ್ಷ ತುಕ್ಕು ಕೆರೆಸಿ ಬಣ್ಣ ಹೊಡೆಸುವ ಮಾಲಕರಿಗೆ ಉಪ್ಪಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಫ್ಯೂಯೆಲ್ ಸೆಲ್ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಮುಕ್ಕ, ಪಣಂಬೂರು, ಪಡುಬಿದ್ರಿಯಲ್ಲಿ ಹೆದ್ದಾರಿ ಸಮುದ್ರದ ಹತ್ತಿರವೇ ಹೋಗುತ್ತದೆ. ಆ ಗಾಳಿಯ ಉಪ್ಪು ಫಿಲ್ಟರ್ ದಾಟಿ ಒಳಗೆ ಹೋದರೆ ಕ್ಲೋರೈಡ್ ಪ್ಲಾಟಿನಂನ ಕೆಲಸ ಕೆಡಿಸುತ್ತದೆ, ಸೋಡಿಯಂ ಹಾಳೆಯ ಒಳಗೆ ಪ್ರೋಟಾನ್‌ನ ಜಾಗ ಹಿಡಿಯುತ್ತದೆ. ಫಿಲ್ಟರ್ ಎಷ್ಟು ಸಾವಿರ ಕಿಲೋಮೀಟರಿಗೆ ಬದಲಿಸಬೇಕು ಅನ್ನುವುದು ಇಲ್ಲಿ ಓಡಿಸಿದರೇ ಗೊತ್ತಾಗುವುದು. ಒಂದು ಒಳ್ಳೆಯದೂ ಇದೆ. ಹಾಳೆ ಒಣಗಬಾರದು, ತೇವ ಇರಬೇಕು. ನಮ್ಮ ಗಾಳಿಯಲ್ಲಿ ತೇವಕ್ಕೆ ಬರ ಇಲ್ಲ.

2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್ ಅಡಿಯಲ್ಲಿ 37 ಬಸ್, ಲಾರಿಗಳ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಅದರಲ್ಲಿ 15 ಫ್ಯೂಯೆಲ್ ಸೆಲ್ ಗಾಡಿಗಳು. ಉಳಿದ 22ರಲ್ಲಿ ಹೈಡ್ರೋಜನ್ನನ್ನು ಎಂಜಿನ್ನಿನಲ್ಲೇ ಸುಡುತ್ತಾರೆ. ಒಂಬತ್ತು ಪಂಪ್, ಸುಮಾರು 208 ಕೋಟಿ ರೂಪಾಯಿ. ಆ ಮಾರ್ಗಗಳ ಪಟ್ಟಿಯಲ್ಲಿ ಕರ್ನಾಟಕ ಇಲ್ಲ. ಕೇರಳದ ತಿರುವನಂತಪುರ ಕೊಚ್ಚಿ ಇದೆ. ನಮಗೆ ಅದು ಒಳ್ಳೆಯದೇ. ಅಲ್ಲೂ ಇದೇ ಮಳೆ, ಇದೇ ಉಪ್ಪು. ಅಲ್ಲಿನ ಲೆಕ್ಕಪುಸ್ತಕವನ್ನು ಕೇಳಿ ತರಿಸಿಕೊಳ್ಳಬೇಕು. ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಪರೀಕ್ಷೆ ಅದು, ಕೇಳುವ ಹಕ್ಕು ನಮಗಿದೆ.

ಸುರಕ್ಷತೆ. ಈ ಜಿಲ್ಲೆಯಲ್ಲಿ ಈ ಮಾತು ಬಂದರೆ ಎಲ್ಲರಿಗೂ 2013ರ ಏಪ್ರಿಲ್‌ನ ಪೆರ್ನೆ ನೆನಪಾಗುತ್ತದೆ. ಎಲ್‌ಪಿಜಿ ಟ್ಯಾಂಕರ್ ಉರುಳಿ, ಗ್ಯಾಸ್ ಹರಡಿ, ಬೆಂಕಿ ಹತ್ತಿ, ಮನೆಯಲ್ಲಿದ್ದವರೂ ಜೀವ ಕಳೆದುಕೊಂಡರು. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಹೈಡ್ರೋಜನ್ ಗಾಳಿಗಿಂತ 14 ಪಟ್ಟು ಹಗುರ. ತೆರೆದ ಜಾಗದಲ್ಲಿ ಸೋರಿದರೆ ಮೇಲಕ್ಕೆ ಹೋಗಿಬಿಡುತ್ತದೆ. ಅದಕ್ಕೇ ಸಿಲಿಂಡರ್‌ಗಳನ್ನು ಬಸ್ಸಿನ ಮಾಡಿನ ಮೇಲೆ ಇಡುತ್ತಾರೆ. ಆದರೆ ಗಾಳಿಯಲ್ಲಿ ಶೇಕಡ 4ರಿಂದ 75ರ ತನಕ ಎಷ್ಟು ಬೆರೆತರೂ ಹೊತ್ತಿಕೊಳ್ಳುತ್ತದೆ. ವಾಸನೆ ಇಲ್ಲ. ಎಲ್‌ಪಿಜಿಗೆ ಹಾಕುವಂತೆ ವಾಸನೆ ಹಾಕುವ ಹಾಗೂ ಇಲ್ಲ, ಅದು ಸೆಲ್ ಕೆಡಿಸುತ್ತದೆ. ಹಗಲಿನಲ್ಲಿ ಉರಿ ಕಣ್ಣಿಗೆ ಕಾಣುವುದೇ ಕಷ್ಟ. ನಮ್ಮ ಬಸ್ ಗ್ಯಾರೇಜುಗಳ ತಗಡಿನ ಮಾಡು ನೋಡಿದ್ದೀರಲ್ಲ, ಎರಡೂ ಕಡೆ ಇಳಿಜಾರು, ನಡುವೆ ಎತ್ತರದ ಮೂಲೆ. ಸೋರಿದ ಹೈಡ್ರೋಜನ್ ಸೇರಿಕೊಳ್ಳುವುದು ಆ ಮೂಲೆಯಲ್ಲೇ. ಅಲ್ಲಿ ಗಾಳಿ ಆಡುವ ಕಿಂಡಿ ಬೇಕು, ಸೆನ್ಸರ್ ಬೇಕು, ಕಿಡಿ ಹಾರುವ ಸ್ವಿಚ್ ಇರಬಾರದು. 2019ರ ಜೂನ್‌ನಲ್ಲಿ ನಾರ್ವೆಯ ಸಾಂಡ್ವಿಕಾದಲ್ಲಿ ಒಂದು ಪಂಪ್ ಸ್ಫೋಟಗೊಂಡಿತು. ಅಧಿಕ ಒತ್ತಡದ ಟ್ಯಾಂಕಿನ ಒಂದು ಪ್ಲಗ್ಗಿನ ಬೋಲ್ಟುಗಳನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ. ಬಸ್ಸಿಗಲ್ಲ, ಪಂಪಿಗೆ ಆದದ್ದು. ಸ್ಪ್ಯಾನರ್ ಹಿಡಿದವನ ತರಬೇತಿ ಎಷ್ಟು ಮುಖ್ಯ ಅಂತ ಅದರಿಂದ ಗೊತ್ತಾಗುತ್ತದೆ. ಬೈಕಂಪಾಡಿಯ ಗ್ಯಾರೇಜುಗಳಲ್ಲಿ ಡೀಸೆಲ್ ಎಂಜಿನ್ ಬಿಚ್ಚಿ ಜೋಡಿಸುವ ಹುಡುಗರಿಗೆ ಈ ತರಬೇತಿ ಬಸ್ ಬರುವ ಮೊದಲೇ ಆಗಬೇಕು. ಐಟಿಐಯಲ್ಲಿ ಮಾಡಬಹುದು.

ಹಾಗಾದರೆ ಹೇಗೆ ಮಾಡಬೇಕು ಅಂತ ಕೇಳಿದರೆ, ನನ್ನ ಸಲಹೆ ಬಸ್ಸಿಲ್ಲದೆ ಶುರು ಮಾಡಿ ಅಂತ. ಮೊದಲು ಪಂಪ್ ಬರಲಿ. ಏಪ್ರಿಲ್‌ನಲ್ಲಿ ಶುರುವಾಗಲಿ, ಬಿಸಿಲಿನ ಕರೆಂಟು ಚೆನ್ನಾಗಿರುವಾಗ. ಬಸ್ಸಿನ ಬದಲು ಅಲ್ಲೇ ಇಟ್ಟ ಖಾಲಿ ಸಿಲಿಂಡರ್‌ಗಳಿಗೆ ದಿನವೂ ಬೆಳಗ್ಗೆ ಐದಕ್ಕೆ ತುಂಬಲಿ, ಮೂರು ಬಸ್ಸು ಸಾಲಾಗಿ ಬಂದಿವೆ ಅನ್ನುವ ಹಾಗೆ. ಎಷ್ಟು ಹೊತ್ತು ಹಿಡಿಯಿತು, ಎಷ್ಟು ಯೂನಿಟ್ ಹೋಯಿತು, ಶುದ್ಧತೆ ಎಷ್ಟು ಬಂತು, ಕಂಪ್ರೆಸರ್ ಎಷ್ಟು ದಿನ ಮಲಗಿತು, ಎಲ್ಲವನ್ನೂ ಬಸ್ ತಯಾರಿಸದ, ಗ್ಯಾಸ್ ಮಾರದ ಮೂರನೆಯವರು ಬರೆಯಲಿ. ಸುರತ್ಕಲ್‌ನ ಎನ್‌ಐಟಿಕೆಯಂಥ ಸಂಸ್ಥೆ ಪಕ್ಕದಲ್ಲೇ ಇದೆ. ತಿಂಗಳಿಗೊಮ್ಮೆ ಆ ಹಾಳೆ ಕನ್ನಡದಲ್ಲಿ ಪ್ರಕಟವಾಗಲಿ, ನಿಂತ ದಿನಗಳ ಲೆಕ್ಕ ಮೊದಲ ಸಾಲಿನಲ್ಲೇ ಇರಲಿ. ಜೂನ್‌ನಿಂದ ಮಳೆ. ಕರೆಂಟು ಹೋಗುತ್ತದೆ, ಮೋಡ ಕಟ್ಟುತ್ತದೆ, ಕೊಟ್ಟಾರ ಚೌಕಿಯಲ್ಲಿ ನೀರು ನಿಂತರೆ ಬಿಡಿಭಾಗದ ಲಾರಿ ಕೂಡ ತಡವಾಗುತ್ತದೆ. ಆ ನಾಲ್ಕು ತಿಂಗಳು ಪಂಪ್ ದಾಟಿದರೆ ಅಕ್ಟೋಬರ್‌ನಲ್ಲಿ ಮೂರು ಬಸ್ ತರಿಸಿ. ಮಂಗಳೂರು ಉಡುಪಿ ನಡುವೆ ಮಾಮೂಲಿ ಎಕ್ಸ್‌ಪ್ರೆಸ್ ಟೈಮಿಂಗ್‌ನಲ್ಲಿ, ಮಾಮೂಲಿ ಡ್ರೈವರ್ ಕೈಯಲ್ಲಿ ಓಡಲಿ. ಡಿಸೆಂಬರ್ ಹೊತ್ತಿಗೆ ಒಂದನ್ನು ಮರಳು ಮೂಟೆ ಹೇರಿ ಶಿರಾಡಿ ಹತ್ತಿಸಿ. ಅದು ಸರಿ ಬಂದ ಮೇಲೆ ಜನರನ್ನು ಕೂರಿಸಿ ಬೆಂಗಳೂರಿಗೆ ಬಿಡಿ. ಪಂಪ್ ಮಳೆಗಾಲ ದಾಟದಿದ್ದರೆ ಬಸ್ಸಿನ ದುಡ್ಡು ಉಳಿಯಿತು. ಅದರಲ್ಲಿ ಅಷ್ಟೇ ಸಂಖ್ಯೆಯ ಬ್ಯಾಟರಿ ಬಸ್ಸನ್ನು ಸಿಟಿಗೆ ತನ್ನಿ, ದುಡ್ಡು ಇನ್ನೂ ಮಿಕ್ಕುತ್ತದೆ.